ಹನುಮಪ್ಪ ಹೊರಟ ಲೆಕ್ಕ

ಸುಚಿತ್ರಾ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಹೆಂಗಸು. ಹೊಸನಗರದ ಒಂದು ಆಫೀಸಿನಲ್ಲಿ ಏಳು ವರ್ಷದಿಂದ ನನ್ನ ಪಕ್ಕದ ಮೇಜಿನವಳು. ಗುತ್ತಿಗೆ ಕೆಲಸ, ರಿಪ್ಪನ್‌ಪೇಟೆಯಿಂದ ದಿನಾ ಬಸ್ಸು. ಎಲ್ಲೆಲ್ಲಿ ಮಂಗ ಸತ್ತಿವೆ ಎಂದು ಊರೂರು ತಿರುಗಿ ನಮ್ಮ ಆಫೀಸಿನ ದಿನೇಶ್ ಬರೆದು ತರುವ ಚೀಟಿಗಳನ್ನು ಕಂಪ್ಯೂಟರಿಗೆ ಹಾಕುವುದು ಅವಳ ಪಾಲು. ಮಂಗ ಸತ್ತರೆ ಅದರ ಮೈಯ ರಕ್ತ ಹೀರುವ ಉಣುಗು ನೆಲಕ್ಕಿಳಿಯುತ್ತದೆ, ಅಲ್ಲಿ ಓಡಾಡಿದವರಿಗೆ ಮಂಗನ ಕಾಯಿಲೆ ಹತ್ತುತ್ತದೆ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವಳಿಗಿದ್ದ ಒಂದೇ ಹೆದರಿಕೆ ತಾಯಿ ದುಗ್ಗಮ್ಮನ ಬಗ್ಗೆ. ಸುಚಿತ್ರಾ ಹುಟ್ಟಿದ ಊರಾದ ಬಿಳಿಸರದಲ್ಲಿ ತಾಯಿಯ ಮನೆ. ಜನವರಿ ಬಂತೆಂದರೆ ಕೊಟ್ಟಿಗೆಗೆ ಹಾಸಲು ದರಗು ಬೇಕು, ಒಣಗಿದೆಲೆ ಗುಡಿಸಲು ಕಾಡೊಳಗೆ, ಕಾನಿಗೆ ಹೊರಟೇ ಬಿಡುತ್ತಾಳೆ. ಆಫೀಸಿನ ಲೆಕ್ಕ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಕಾಲಿಡಬೇಡ ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು.

ಈ ವರ್ಷ ಲೆಕ್ಕ ಹಾಕಿ ನಕ್ಷೆ ಬಿಡಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೊಸ ಪ್ಯಾಕೇಜ್ ಬಂತು. ಅದನ್ನು ಇನ್‌ಸ್ಟಾಲ್ ಮಾಡುವುದರಲ್ಲಿ ಎರಡು ದಿನ ಕಳೆಯಿತು. ನಮ್ಮ ಪೈಥಾನ್ ಹಳೆಯದು ಎಂದಿತು. ಹೊಸದು ಹಾಕಿದರೆ ಅದರ ಜೊತೆ ಓಡಬೇಕಾದ ಇನ್ನೊಂದು ತಂತ್ರಾಂಶ ಮುನಿಸಿಕೊಂಡಿತು. ಕೊನೆಗೆ, ಪ್ಯಾಕೇಜ್ ಸರಿಯಾಗಿ ಲೆಕ್ಕ ಹಾಕುತ್ತದೆಯೇ ಎಂದು ನೋಡಲು ಅದರ ಜೊತೆಗೇ ಬಂದ ಪರೀಕ್ಷೆಗಳನ್ನು ಓಡಿಸಿದಳು. ನೂರ ಎಂಬತ್ತಾರಕ್ಕೆ ನೂರ ಎಂಬತ್ತಾರೂ ಪಾಸು. ನಮ್ಮ ಸಾಹೇಬರು ಆಗಲೇ ಪರದೆಯ ಫೋಟೋ ತೆಗೆದು ಮೇಲಿನವರಿಗೆ ಕಳಿಸಿಬಿಟ್ಟರು.

ಅವತ್ತೇ ನಕ್ಷೆ ಬಂತು. ಬಿಳಿಸರದ ಸುತ್ತ ಊರೂರಿಗೂ ಕೆಂಪು ಚುಕ್ಕಿ, ನಡುವೆ ಅಂಗೈಯಗಲ ಬಿಳಿ. ನನಗೇಕೋ ಆ ಬಿಳಿ ಸರಿ ಕಾಣಲಿಲ್ಲ. ಅವಳು ಮಾತ್ರ ನಕ್ಕು, ತಾಯಿಗೆ ಫೋನ್ ಮಾಡಿ, ನಮ್ಮೂರಲ್ಲಿ ಸೊನ್ನೆ, ಹೋಗಿ ಬಾ ಎಂದಳು.

ಮೂರನೆಯ ದಿನ ಬೆಳಿಗ್ಗೆ ಬೀಗ ಎಳೆಯುವ ಚಾಳಿ ಎದ್ದಿತು. "ಅದ್ರ ಲೆಕ್ಕ ಸರಿ ಇದೆ ಅಂತ ಗೊತ್ತಾಯ್ತು. ನಮ್ಮ ಲೆಕ್ಕ ಸರಿ ಇದ್ಯಾ?" ಎಂದು ತನ್ನಷ್ಟಕ್ಕೇ ಗೊಣಗುತ್ತ ಸಾಲುಗಳನ್ನು ಎಣಿಸಿದಳು. ಒಳಗೆ ಹೋದದ್ದು ಇನ್ನೂರ ಹದಿನಾಲ್ಕು, ನಕ್ಷೆಗೆ ಬಂದದ್ದು ಇನ್ನೂರ ಮೂರು. ಸಂಖ್ಯೆ ಇಲ್ಲದ ಸಾಲನ್ನು ಬಿಟ್ಟುಬಿಡು ಎಂದು ಅವಳೇ ಪ್ಯಾಕೇಜಿಗೆ ಹೇಳಿದ್ದಳು. ಬಿಟ್ಟ ಹನ್ನೊಂದನ್ನು ತೆರೆದು ನೋಡಿದರೆ ಎಲ್ಲವೂ ಬಿಳಿಸರದವು. ಎಷ್ಟು ಸತ್ತಿವೆ ಎಂಬ ಜಾಗದಲ್ಲಿ ಹನ್ನೊಂದು ಸಲವೂ ಒಂದೇ ಮಾತು: ಹನುಮಪ್ಪ ಹೊರಟ.

ಆ ಊರಲ್ಲಿ ಮಂಗ ಸತ್ತಿತು ಎನ್ನುವುದಿಲ್ಲ, ಹನುಮಪ್ಪ ಹೊರಟ ಎನ್ನುತ್ತಾರೆ. ಕೆಂಪು ಬಟ್ಟೆ ಹೊದೆಸಿ, ಕಾಯಿ ಒಡೆದು ಮಣ್ಣು ಮಾಡುತ್ತಾರೆ, ಆಮೇಲೆ ಬಾಯಿ ಬಿಡುವುದಿಲ್ಲ. ದಿನೇಶ್ ಸತ್ತದ್ದು ಒಂದು ಎಂದು ಬರೆಯಹೋದರೆ ಊರವರು ಪೆನ್ನು ಹಿಡಿದು ನಿಲ್ಲಿಸಿದರಂತೆ. ಅವರು ಹೇಳಿದ್ದನ್ನೇ ಅವನು ಬರೆದ. ಅವನು ಬರೆದದ್ದನ್ನು ಸುಚಿತ್ರಾ ಹಾಗೇ ಒತ್ತಿದಳು. ಬೇರೆ ಯಾರೇ ಆಗಿದ್ದರೂ ಇದೇನಿದು ಎಂದು ಕೇಳುತ್ತಿದ್ದರು. ಅವಳು ಆ ಮಾತು ಕೇಳಿಯೇ ಬೆಳೆದವಳು, ಕೈ ತಡೆಯಲೇ ಇಲ್ಲ.

ತಾರೀಕಿನ ಪ್ರಕಾರ ಜೋಡಿಸಿ ಜಾಗದ ಹೆಸರುಗಳನ್ನು ಓದಿದಳು. ಹೊಳೆಯಾಚೆ. ಹೊಳೆದಂಡೆ. ಅತ್ತಿಮರದ ಬುಡ. ದರಗಿನ ಹಾದಿ. ಯಾರೋ ಗುಡ್ಡದಿಂದ ಒಂದೊಂದೇ ಹೆಜ್ಜೆ ಇಳಿದು ಕೇರಿಗೆ ಬರುತ್ತಿದ್ದ ಹಾಗಿತ್ತು. 

ತಾಯಿಗೆ ಫೋನ್ ಮಾಡಿದಳು, ಸ್ಪೀಕರಿನಲ್ಲೇ. ದುಗ್ಗಮ್ಮ ತಕ್ಷಣ ಎತ್ತಿದಳು.

"ಅವ್ವಾ, ಎಲ್ಲಿದೀಯ?"

"ಕಾನಲ್ಲಿದೀನಿ ಮಗಾ. ಹನುಮಪ್ಪ ಹೊರಟ ಅಂತ ಎಲ್ರೂ ಹೆದರ್ಕೊಂಡು ಮನೇಲೇ ಕೂತಿದ್ರು. ನಮ್ಮ ಸುಚಿತ್ರಾನ ಕಂಪ್ಯೂಟರೇ ಏನೂ ಇಲ್ಲ ಅಂದಿದೆ, ಬನ್ನಿ ಅಂತ ನಾನೇ ಕರ್ಕೊಂಡು ಬಂದೆ. ನಿನ್ನೆಯಿಂದ ಇಡೀ ಕೇರಿನೇ ಇಲ್ಲಿದೆ. ಮರದ ಮೇಲೆ ಒಂದು ಸದ್ದಿಲ್ಲ ನೋಡು, ಎಷ್ಟು ಆರಾಮು."

ಆ ಕಡೆಯಿಂದ ದರಗು ಗುಡಿಸುವ ಸದ್ದು ಬರುತ್ತಲೇ ಇತ್ತು, ಒಬ್ಬರದಲ್ಲ, ಹತ್ತಾರು ಜನರದು.