ರಿವಾಲ್ವರೋ ಪಿಸ್ತೂಲೋ ಎಂದು ಕೇಳಿದ ವರ್ಷ

ನಮ್ಮ ಮನೆಗೆ ರಿವಾಲ್ವರ್ ಬಂದದ್ದು ಒಂದು ಕರಡಿಯ ದೆಸೆಯಿಂದ.

ಲಾಕ್‌ಡೌನಿನ ವರ್ಷ ನಾನೂ ನನ್ನ ಗಂಡನೂ ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಯಲ್ಲಿ ಒಂದೇ ಊಟದ ಮೇಜಿನ ಎರಡು ತುದಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಕೂತು ಬೇಸತ್ತಿದ್ದೆವು. ಮಗಳು ಅಟ್ಲಾಂಟಾದಲ್ಲಿ ಕೆಲಸಕ್ಕಿದ್ದಳು. ಒಂದು ಶನಿವಾರ ನನ್ನ ಗಂಡ ಎರಡು ದೊಡ್ಡ ಬೆನ್ನುಚೀಲ, ಒಂದು ಟೆಂಟ್ ತಂದು ನಡುಮನೆಯಲ್ಲಿ ಹರಡಿ, ‘ಬಾ, ಗುಡ್ಡಕ್ಕ ಹೋಗೂಣು’ ಅಂದರು. ಅವರು ಧಾರವಾಡದವರು, ನಾನು ಮೈಸೂರಿನವಳು. ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದರೂ ಇಬ್ಬರೂ ನಮ್ಮ ನಮ್ಮ ಮಾತು ಬಿಟ್ಟುಕೊಟ್ಟಿರಲಿಲ್ಲ. ಮನೆಯಿಂದ ಪಶ್ಚಿಮಕ್ಕೆ ನಾಲ್ಕೈದು ಗಂಟೆ ಡ್ರೈವ್ ಮಾಡಿದರೆ ಪಿಸ್ಗಾ ಕಾಡು. ರಸ್ತೆ, ಫೋನ್ ಸಿಗ್ನಲ್ ಎರಡನ್ನೂ ಹಿಂದೆ ಬಿಟ್ಟು ದಿನವಿಡೀ ನಡೆದು, ಹೊಳೆಯ ಪಕ್ಕ ಟೆಂಟ್ ಹಾಕುವುದು ನಮಗೆ ಹುಚ್ಚಿನಂತೆ ಹಿಡಿಯಿತು.

ಮರುವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ನಾನು ನೀರು ತುಂಬಲು ಹೊಳೆಗೆ ಇಳಿದಿದ್ದೆ. ತಿರುಗಿ ನೋಡಿದರೆ ನನಗೂ ಟೆಂಟಿಗೂ ನಡುವೆ ಕಪ್ಪು ಕರಡಿಯೊಂದು ನಿಂತಿತ್ತು. ಮೂಗೆತ್ತಿ ಗಾಳಿ ಹೀರುತ್ತಿತ್ತು. ನನಗೆ ಕೂಗಲೂ ಆಗಲಿಲ್ಲ. ಆಗ ಟೆಂಟಿನಿಂದ ಹೊರಬಂದ ಅವರು ಒಂದು ಕ್ಷಣ ದಂಗಾಗಿ, ಆಮೇಲೆ ತಟ್ಟೆಯನ್ನು ಲೋಟದಿಂದ ಬಡಿಯುತ್ತ, ‘ಏ ಹೋಗಲೇ! ನಡೀ ಅತ್ಲಾಗ! ಏನ್ ನೋಡ್ತೀ?’ ಎಂದು ಅಬ್ಬರಿಸಿದರು. ಕರಡಿ ಅವರನ್ನೇ ನೋಡಿ, ಯಾವ ಅವಸರವೂ ಇಲ್ಲದೆ ಪೊದೆಯೊಳಗೆ ಹೋಯಿತು. ನಾನು ಕಲ್ಲಿನ ಮೇಲೆ ಕೂತು ಅತ್ತೆ, ಆಮೇಲೆ ಅವರ ಕನ್ನಡ ನೆನೆದು ನಕ್ಕೆ. ಅವರು ಮಾತ್ರ ನಗಲಿಲ್ಲ. ಕಾರಿಗೆ ವಾಪಸ್ ಬಂದು ಬೆಲ್ಟ್ ಹಾಕಿಕೊಳ್ಳುವಾಗ ಹೇಳಿದರು: ‘ಇನ್ನ ಮ್ಯಾಲೆ ಬರೇ ಕೈಲೆ ಬರೂದಿಲ್ಲ.’

ನನಗೆ ಕರಡಿಗಿಂತ ಬಂದೂಕಿನ ಭಯವೇ ಹೆಚ್ಚಿತ್ತು. ‘ರೀ, ಸೊಂಟದಲ್ಲಿ ಗನ್ ಇಟ್ಕೊಂಡಿರೋ ಕಂದು ಬಣ್ಣದ ಮನುಷ್ಯನ್ನ ಕಾಡಲ್ಲಿ ಯಾರಾದ್ರೂ ನೋಡಿದ್ರೆ ಏನು ತಿಳ್ಕೋತಾರೆ? ಕರಡಿಗೆ ಹೊಡೆಯೋ ಸ್ಪ್ರೇ ಇದ್ಯಲ್ಲ, ಅದು ಸಾಕು’ ಅಂದೆ. ಮಗಳು ವೀಡಿಯೊ ಕಾಲ್‌ನಲ್ಲಿ ಹಣೆ ಹಿಡಿದುಕೊಂಡು, ‘ಸೀರಿಯಸ್ಲಿ, ಅಪ್ಪಾ? ಗನ್ ಬೇಡ. ಪ್ಲೀಸ್ ಬೇಡ’ ಅಂದಳು. ಅವರು ಸ್ಪ್ರೇ ಕೂಡ ಕೊಂಡರು. ಆದರೆ ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದರೆ ಏನು ಮಾಡುವುದು ಎಂಬುದು ಅವರ ಪ್ರಶ್ನೆಯಾಗಿತ್ತು.

ಆಮೇಲೆ ಎರಡು ತಿಂಗಳು ನಮ್ಮ ಸಂಜೆಯ ವಾಕಿಂಗಿನಲ್ಲಿ ಬೇರೆ ಮಾತಿರಲಿಲ್ಲ. ಬಡಾವಣೆಯ ಕೆರೆ ಸುತ್ತುತ್ತಾ ಅವರು ಪಿಸ್ತೂಲಿನ ಪರ ವಾದಿಸುವರು, ನಾನು ರಿವಾಲ್ವರಿನ ಪರ. ಪಿಸ್ತೂಲು ಹಗುರ, ಚಪ್ಪಟೆ, ಬೆನ್ನುಚೀಲದ ಪಟ್ಟಿಗೆ ತೊಡರುವುದಿಲ್ಲ, ಹತ್ತು ಹದಿನೈದು ಗುಂಡು ಹಿಡಿಯುತ್ತದೆ ಎಂದು ಅವರು. ರಿವಾಲ್ವರಿನಲ್ಲಿ ಐದೋ ಆರೋ ಗುಂಡಿದ್ದರೂ ಅದರಲ್ಲಿ ನೆನಪಿಡುವುದು ಏನೂ ಇಲ್ಲ, ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ ಎಂದು ನಾನು. ಯಾವುದೋ ವೀಡಿಯೊ ನೋಡಿ ಕಲಿತಿದ್ದೆ: ಪ್ರಾಣಿ ಮೈಮೇಲೆ ಬಿದ್ದಾಗ ಪಿಸ್ತೂಲಿನ ಮೂತಿಯನ್ನು ಅದರ ಮೈಗೆ ಒತ್ತಿದರೆ ಮೇಲಿನ ಭಾಗ ಹಿಂದಕ್ಕೆ ಸರಿದು ಗುಂಡು ಹಾರದೆಯೇ ಇರಬಹುದು, ರಿವಾಲ್ವರಿಗೆ ಆ ತೊಂದರೆ ಇಲ್ಲ. ಇದನ್ನು ಹೇಳಿದಾಗ ಅವರು ನಿಂತು ನನ್ನನ್ನು ನೋಡಿದರು. ‘ಬ್ಯಾಡ ಅಂದಾಕಿ ನನಕಿಂತ ಹೆಚ್ಚ ಓದೀಯಲ್ಲ!’ ಈಗ ಯೋಚಿಸಿದರೆ, ಆ ಎರಡು ತಿಂಗಳಲ್ಲಿ ನಾವು ಮಾತಾಡಿದಷ್ಟು ಎಷ್ಟೋ ವರ್ಷಗಳಲ್ಲಿ ಮಾತಾಡಿರಲಿಲ್ಲ.

ಶೆರಿಫ್ ಆಫೀಸಿನಿಂದ ಬಂದೂಕು ಕೊಳ್ಳುವ ಪರ್ಮಿಟ್ ಬಂದ ಮೇಲೆ ಬಂದೂಕಿನ ಅಂಗಡಿಗೆ ಹೋದೆವು. ಕೌಂಟರಿನ ಹಿಂದೆ ಬೆಳ್ಳಿಕೂದಲಿನ ಹೆಂಗಸೊಬ್ಬಳಿದ್ದಳು. ಅವರು ಆರಿಸಿಟ್ಟುಕೊಂಡಿದ್ದ ಪಿಸ್ತೂಲನ್ನು ತೆಗೆದು, ಖಾಲಿ ಇದೆಯೆಂದು ತೋರಿಸಿ, ಅವರ ಕೈಗೆ ಕೊಟ್ಟಳು. ಪಿಸ್ತೂಲಿನ ಮೇಲ್ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ. ಅದನ್ನು ಹಿಂದಕ್ಕೆ ಎಳೆದು ಬಿಟ್ಟರೆ ಮೊದಲ ಗುಂಡು ನಳಿಗೆಗೆ ಏರುತ್ತದೆ. ಅವರು ಎಳೆದರು. ಅದು ಅರ್ಧ ಬಂದು ಜಾರಿತು. ಮತ್ತೆ ಎಳೆದರು. ಹೊಸದರ ಸ್ಪ್ರಿಂಗ್ ಬಿಗಿ ಇರುತ್ತದೆ, ಒಂದು ಕೈಯಿಂದ ಮುಂದಕ್ಕೆ ನೂಕುತ್ತಾ ಇನ್ನೊಂದು ಕೈಯಿಂದ ಎಳೆಯಿರಿ ಎಂದು ಆಕೆ ಹೇಳಿಕೊಟ್ಟಳು. ಮೂರನೆಯ ಸಲಕ್ಕೆ ಅವರ ಹಣೆಯಲ್ಲಿ ಬೆವರು. ‘ಮ್ಯಾಮ್, ಯು ಟ್ರೈ’ ಎಂದು ಆಕೆ ಪಿಸ್ತೂಲನ್ನು ನನ್ನ ಕಡೆ ತಿರುಗಿಸಿದಳು. ನಾನು ಎಳೆದೆ. ಖಟ್ ಎಂದು ಬಂತು. ಎಲ್ಲರೂ ನಕ್ಕೆವು. ‘ಚಪಾತಿ ಲಟ್ಟಿಸೋ ಕೈ ಇದು’ ಅಂದೆ. ಅವರೂ ನಕ್ಕರು. ನಗುತ್ತಲೇ ತಮ್ಮ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಂಡರು.

ಕೌಂಟರಿನ ಮೇಲಿನ ಬಿಳಿ ದೀಪದಲ್ಲಿ ನಾನು ಆ ಕೈಯನ್ನು ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತುಂಬಿಕೊಂಡಿರಬೇಕಾದ ಮಾಂಸ ಇರಲಿಲ್ಲ. ಬೆರಳಿನಿಂದ ಒತ್ತಿ ಹಳ್ಳ ಮಾಡಿದಂತಿತ್ತು. ಎಡಗೈ ಸರಿಯಾಗಿತ್ತು. ಬೇಸಿಗೆಯಿಂದ ಅವರ ತೂಕ ಇಳಿದಿತ್ತು. ನಡೆದದ್ದರಿಂದ ಇರಬೇಕು ಅಂದುಕೊಂಡು ನಾನು ಖುಷಿಪಟ್ಟಿದ್ದೆ. ತೂಕ ಇಳಿದರೆ ಒಂದೇ ಕೈ ಹೀಗಾಗುತ್ತದೆಯೇ?

‘ಹಂಗಾರ ನಿನ್ನ ರಿವಾಲ್ವರೇ ಇರ್ಲಿ. ನೀ ಗೆದ್ದಿ’ ಎಂದು ಅವರು ಕಾರ್ಡ್ ತೆಗೆದುಕೊಟ್ಟರು. ಅವರು ವಾದದಲ್ಲಿ ಸೋಲೊಪ್ಪುವ ಜಾತಿಯವರಲ್ಲ.

ಮುಂದಿನ ಶನಿವಾರ ಗುಂಡು ಹೊಡೆಯುವುದನ್ನು ಕಲಿಸುವ ಮೈದಾನಕ್ಕೆ ಹೋದೆವು. ರಿವಾಲ್ವರಿನಲ್ಲಿ ಸ್ಲೈಡ್ ಇಲ್ಲ ನಿಜ, ಆದರೆ ಅದರ ಟ್ರಿಗರ್ ಉದ್ದ, ಭಾರ. ಎಲ್ಲ ಕೆಲಸವನ್ನೂ ಒಂದೇ ಬೆರಳು ಮಾಡಬೇಕು. ಮೊದಲ ಸುತ್ತು ಹೇಗೋ ಹೊಡೆದರು. ಎರಡನೆಯ ಸುತ್ತಿನಲ್ಲಿ ಬೆರಳು ಅರ್ಧ ದಾರಿಗೆ ಬಂದು ನಿಂತಿತು. ಹಿಂಬದಿಯ ಹ್ಯಾಮರ್ ಎಂಬ ಕೊಕ್ಕೆಯನ್ನು ಹೆಬ್ಬೆರಳಿನಿಂದ ಎಳೆದಿಟ್ಟುಕೊಂಡರೆ ಟ್ರಿಗರ್ ಹಗುರವಾಗುತ್ತದೆ ಎಂದು ಕಲಿಸುವವನು ಹೇಳಿದ. ಹೆಬ್ಬೆರಳು ಅದರ ಮೇಲಿಂದ ಜಾರುತ್ತಲೇ ಇತ್ತು. ಅವರು ರಿವಾಲ್ವರನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು, ಕಿವಿಗೆ ಹಾಕಿದ್ದನ್ನು ತೆಗೆದು, ಹೊರಗೆ ನಡೆದರು. ಕಾರಿನ ಹತ್ತಿರ ಹೋದಾಗ ಕೀಯನ್ನು ನನ್ನ ಕಡೆ ಚಾಚಿದರು.

‘ನೀ ಡ್ರೈವ್ ಮಾಡು.’

ಹೈವೇಯಲ್ಲಿ ಅವರು ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟವರೇ ಅಲ್ಲ. ಸ್ವಲ್ಪ ದೂರ ಬಂದ ಮೇಲೆ ಕೇಳಿದೆ, ‘ಯಾವಾಗಿಂದ ಹೀಗೆ?’

ಕಿಟಕಿಯಾಚೆ ನೋಡುತ್ತಲೇ ಹೇಳಿದರು. ‘ಅಂಗಿ ಗುಂಡಿ ಹಾಕೂದು ಕಷ್ಟ ಆಗಿ ಭಾಳ ದಿನ ಆತು. ಅದಕ್ಕ ಟಿ-ಶರ್ಟ್ ಹಾಕತೀನಿ. ನಿನಗ ಗೊತ್ತಾಗ್ಲಿಲ್ಲಲ್ಲ ಅಂತ ಸಮಾಧಾನ ಇತ್ತು.’

ಆಮೇಲಿನದು ಆಸ್ಪತ್ರೆಯ ಕತೆ. ಒಬ್ಬ ಡಾಕ್ಟರು ಕತ್ತಿನ ನರ ಅಂದರು, ಇನ್ನೊಬ್ಬರು ಕಾಯೋಣ ಅಂದರು. ಕಾಯುವ ನಡುವೆ, ಎಲೆ ಕೆಂಪಾದ ಕಾಲದಲ್ಲಿ, ಅವರು ಹಟ ಮಾಡಿ ಮತ್ತೊಮ್ಮೆ ಗುಡ್ಡಕ್ಕೆ ಕರೆದುಕೊಂಡು ಹೋದರು. ರಿವಾಲ್ವರ್ ನನ್ನ ಸೊಂಟದಲ್ಲಿತ್ತು. ಅದರ ಭಾರಕ್ಕೆ ಬೆಲ್ಟ್ ಒಂದು ಕಡೆ ಇಳಿಯುತ್ತಿತ್ತು. ಅವರ ಬಲಗಾಲು ಬೇರುಗಳಿಗೆ ತಾಗುತ್ತಿತ್ತು. ಎರಡು ಸಲ ಬಿದ್ದರು. ಎರಡನೆಯ ಸಲ ಏಳಲಿಲ್ಲ. ಒಣಗಿದ ಎಲೆಯ ಮೇಲೆ ಅಂಗಾತ ಮಲಗಿ, ‘ಇಲ್ಲೇ ಸ್ವಲ್ಪ ಹೊತ್ತು ಇರೂಣು, ಆಕಾಶ ಛಲೋ ಅದ’ ಅಂದರು. ನಾನೂ ಪಕ್ಕದಲ್ಲಿ ಮಲಗಿದೆ. ಟೆಂಟ್ ಹಾಕದೆ ಮಧ್ಯಾಹ್ನವೇ ಇಳಿದುಬಂದೆವು. ಕಾಡಿನಲ್ಲಿ ಆ ರಿವಾಲ್ವರಿನಿಂದ ನಾವು ಯಾವತ್ತೂ ಗುಂಡು ಹೊಡೆಯಲಿಲ್ಲ.

ಚಳಿಗಾಲದಲ್ಲಿ ಪಕ್ಕದ ಡರಂ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ನಾಯುಗಳಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುತ್ತಾ ಹೋಗುವ ಕಾಯಿಲೆ, ಔಷಧ ಇಲ್ಲ ಎಂದು ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ಅವರು ಥ್ಯಾಂಕ್ ಯೂ ಅಂದರು. ನನಗೆ ಆಕೆಯ ಮುಂದೆ ಅಳು ಬರಲಿಲ್ಲ, ಪಾರ್ಕಿಂಗ್ ಟಿಕೆಟ್ ಮೆಷಿನ್ನಿನ ಮುಂದೆ ಬಂತು.

ರಿವಾಲ್ವರ್ ನಮ್ಮ ಬಟ್ಟೆ ಇಡುವ ಕ್ಲಾಸೆಟ್ಟಿನ ಮೇಲಿನ ಅಟ್ಟಣಿಗೆಯಲ್ಲಿ, ಬೀಗದ ಪೆಟ್ಟಿಗೆಯಲ್ಲಿತ್ತು. ಆ ದಿನದಿಂದ ಅದು ನನಗೆ ಗೋಡೆಯಾಚೆಯಿಂದಲೂ ಕಾಣಿಸತೊಡಗಿತು. ಒಂದು ದಿನ ಪೆಟ್ಟಿಗೆಯ ಕೀಯನ್ನು ತೆಗೆದು ಅಡುಗೆಮನೆಯಲ್ಲಿ ಬೇಳೆಯ ಡಬ್ಬದೊಳಗೆ ಹೂತಿಟ್ಟೆ. ವಾರ ಕಳೆದ ಮೇಲೆ, ಬೆಳಿಗ್ಗೆ ನಾನು ಅವರಿಗೆ ಅವಲಕ್ಕಿ ತಿನ್ನಿಸುತ್ತಿದ್ದಾಗ ಅವರು ಚಮಚವನ್ನು ತಲೆಯಿಂದಲೇ ಪಕ್ಕಕ್ಕೆ ಸರಿಸಿದರು.

‘ಕೀ ಎಲ್ಲಿಟ್ಟೀ ಅಂತ ನಾ ಕೇಳೂದಿಲ್ಲ.’

ನನ್ನ ಕೈ ಅಲ್ಲೇ ನಿಂತಿತು. ‘ಏನೋ ಕ್ಲೀನ್ ಮಾಡ್ತಿದ್ದೆ, ಅದಕ್ಕೇ ಎತ್ತಿಟ್ಟೆ.’

‘ಸುಳ್ಳ ಹೇಳಬ್ಯಾಡ. ನಿನಗ ಬರೂದಿಲ್ಲ ಅದು.’ ಆಗಲೇ ಅವರ ನಾಲಿಗೆ ಸ್ವಲ್ಪ ದಪ್ಪವಾಗಿತ್ತು, ಮಾತು ಎಳೆದೆಳೆದು ಬರುತ್ತಿತ್ತು. ‘ಆ ಟ್ರಿಗರ್ ಎಳಿಯೂ ಶಕ್ತಿ ನನ್ನ ಬೆರಳಿಗೆ ಇಲ್ಲ. ನೀನೇ ನೋಡೀದಿ. ಆದರೂ ನೀ ಹೆದರ್ತೀ. ನಾ ಬಾತ್‌ರೂಮಿಗೆ ಹೋದ್ರೂ ಬಾಗಲ ಹೊರಗ ನಿಂತಿರ್ತೀ.’

ನಾನು ತಟ್ಟೆ ಕೆಳಗಿಟ್ಟು ಅವರ ಮೊಣಕಾಲ ಮೇಲೆ ತಲೆಯಿಟ್ಟೆ.

‘ಅದನ್ನ ವಾಪಸ್ ಕೊಟ್ಟ ಬರೂಣು. ನನ್ನ ಸಲುವಾಗಿ ಅಲ್ಲ. ನಿನಗ ನಿದ್ದಿ ಬರ್ಲಿ ಅಂತ’ ಅಂದರು. ಎಷ್ಟೋ ಹೊತ್ತು ಆ ನಿಶ್ಶಕ್ತವಾದ ಕೈ ನನ್ನ ಕೂದಲ ಮೇಲಿತ್ತು.

ಗಾಲಿಕುರ್ಚಿಯಲ್ಲಿ ಅವರನ್ನು ಅಂಗಡಿಗೆ ಕರೆದುಕೊಂಡು ಹೋದೆ. ಬೆಳ್ಳಿಕೂದಲಿನ ಹೆಂಗಸು ನಮ್ಮ ಗುರುತು ಹಿಡಿದಳು. ಏಕೆ ಮಾರುತ್ತೀರಿ ಎಂದು ಕೇಳಲಿಲ್ಲ. ಸಹಿ ಹಾಕಬೇಕಾದಲ್ಲಿ ಕಾಗದ ಜಾರದಂತೆ ತನ್ನ ಅಂಗೈಯಿಂದ ಒತ್ತಿ ಹಿಡಿದಳು. ಅವರ ಸಹಿ ಮಗು ಗೀಚಿದಂತೆ ಬಂತು. ಹೊರಡುವಾಗ ಕೌಂಟರಿನ ಈಚೆ ಬಂದು ಬಾಗಿಲು ಹಿಡಿದು ನಿಂತಳು. ಅವತ್ತು ನಾನು ಮಧ್ಯಾಹ್ನವೇ ಸೋಫಾದಲ್ಲಿ ನಿದ್ದೆಹೋದೆ.

ಮಗಳು ಅಟ್ಲಾಂಟಾದ ಅಪಾರ್ಟ್‌ಮೆಂಟ್ ಬಿಟ್ಟು ಮನೆಯಿಂದಲೇ ಕೆಲಸ ಮಾಡತೊಡಗಿದಳು. ಅಪ್ಪನ ಮಾತು ಕರಗುತ್ತಾ ಹೋಯಿತು. ಪರದೆಯ ಮೇಲೆ ಅವರು ಕಣ್ಣು ನೆಟ್ಟ ಅಕ್ಷರಗಳನ್ನು ಓದಿ ಮಾತಾಡುವ ಯಂತ್ರ ಬಂತು. ಅದಕ್ಕೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಯಾರೋ ಅಮೆರಿಕನ್ ಗಂಡಸಿನ ದನಿಯಲ್ಲಿ ನನ್ನ ಗಂಡ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಒಂದು ದಿನ ಅವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ನೋಡಿದರು. ಯಂತ್ರ ಅದನ್ನು ಎಷ್ಟು ವಿಕಾರವಾಗಿ ಉಚ್ಚರಿಸಿತೆಂದರೆ ಮಗಳೂ ನಾನೂ ನಕ್ಕುಬಿಟ್ಟೆವು. ಅವರ ಕಣ್ಣೂ ನಕ್ಕಿತು. ಆದರೆ ಮತ್ತೆ ಅವರು ಆ ಪ್ರಯತ್ನ ಮಾಡಲಿಲ್ಲ.

ಮುಂದಿನ ವರ್ಷ, ಒಂದು ಬೆಳಿಗ್ಗೆ, ನಡುಮನೆಯಲ್ಲಿ ಹಾಕಿದ್ದ ಆಸ್ಪತ್ರೆಯ ಮಂಚದಲ್ಲಿ ಅವರು ಹೋದರು. ಅವರ ಉಸಿರಾಟಕ್ಕೆ ಹಾಕಿದ್ದ ಯಂತ್ರವನ್ನು ಆಮೇಲೆ ನಾವು ನಿಲ್ಲಿಸಿದಾಗ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಪಕ್ಕದ ಮನೆಯವರ ಗರಾಜ್ ಬಾಗಿಲು ತೆರೆಯುವ ಸದ್ದು ಕೇಳಿಸಿತು.

ಕಾರ್ಯಗಳೆಲ್ಲ ಮುಗಿದು ಜನ ಹೋದ ಮೇಲೆ, ಒಂದು ಸಂಜೆ ಮಗಳು ಅನ್ನ ಬಡಿಸಿಟ್ಟು ನನ್ನ ಪಕ್ಕ ಕೂತಳು. ‘ಅಮ್ಮಾ, ಅಪ್ಪ ಊಟಕ್ಕೆ ಹೆಂಗೆ ಕರೀತಿದ್ರು? ಐ ವಾಂಟ್ ಟು ಹಿಯರ್ ಇಟ್. ನೀನು ಹೇಳು.’

‘ಏಳ್ರಿ, ಊಟಕ್ಕ ಬರ್ರಿ, ಆರಿ ಹೋಗ್ತದ’ ಅಂದೆ. ಪದಗಳೆಲ್ಲ ಸರಿಯಾಗಿದ್ದವು. ಆದರೆ ಅದು ಮೈಸೂರಿನವಳೊಬ್ಬಳು ಅನುಕರಣೆ ಮಾಡಿದ ಧಾರವಾಡ ಕನ್ನಡ. ಮಗಳು ಮೆಲ್ಲಗೆ ತಲೆಯಾಡಿಸಿದಳು. ಇನ್ನೊಮ್ಮೆ ಹೇಳು ಎಂದು ಕೇಳಲಿಲ್ಲ. ಅನ್ನ ಆರುವ ಮೊದಲೇ ಇಬ್ಬರೂ ತಟ್ಟೆಗೆ ಕೈಹಾಕಿದೆವು.