ಕುಂಟೆತ್ತಿನ ಜೋಳ

ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ ನನಗೆ ಬೇಕಾಗಿದ್ದುದು ಒಂದೇ: ಬಳ್ಳಾರಿಗೆ ವರ್ಗ. ಕುರುಗೋಡಿನ ಪ್ರಾಥಮಿಕ ಶಾಲೆಯಲ್ಲಿ ನನ್ನ ನೌಕರಿ; ಎರಡು ವರ್ಷದ ಮಗಳು ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಅತ್ತೆಯ ಬಳಿ. ಶಾಲೆಯ ಹೊತ್ತಿನಲ್ಲಿ ಕೂಸನ್ನು ನೋಡಿಕೊಳ್ಳುವವರು ಇಲ್ಲಿ ಯಾರಿದ್ದರು? ವಾರಕ್ಕೊಮ್ಮೆ ಹೋದರೆ ಅದು ಅಜ್ಜಿಯ ಸೀರೆಯ ಹಿಂದೆ ಅವಿತು, ಯಾರೋ ಪರವೂರಿನವಳು ಬಂದಂತೆ ನನ್ನನ್ನು ಇಣುಕಿ ನೋಡುತ್ತಿತ್ತು.

"ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ," ಅಂದರು ಹೆಡ್‌ಮಾಸ್ತರು. "ಮಳಿಗಾಲಕ್ಕ ಹೊಂದಂಗ ಮಕ್ಕಳ ಕೈಲೆ ಏನರ ಬಣ್ಣದ ಕೆಲಸ ಮಾಡಸ್ರಿ. ಅವ್ರು ಖುಷಿ ಆದ್ರ ನಿಮ್ಮ ವರ್ಗದ ಮಾತು ನಾ ತಗೀತೀನಿ."

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿತ್ತು. ಮೂರನೇ ಕ್ಲಾಸಿನ ಮಕ್ಕಳು ಎರೆಮಣ್ಣು ತಂದು ಎತ್ತು ಮಾಡಿದರು. ಕೆಮ್ಮಣ್ಣು, ಸುಣ್ಣ, ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಇಷ್ಟೇ ನಮ್ಮ ಬಣ್ಣ. ಒಂದು ಸಾಲು ಚುಕ್ಕಿ, ಒಂದು ಸಾಲು ಗೆರೆ, ಕೆಂಪಿನ ಪಕ್ಕ ಬಿಳಿ, ಸಾಲು ತಪ್ಪಬಾರದು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಒಬ್ಬ ಹುಡುಗಿ ಮಾತ್ರ ಒಂದು ಕೋಡಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಳಿದಳು. ಯಾಕವ್ವ ಹಿಂಗೆ ಎಂದೆ.

"ಅಕ್ಕೋರ, ನಮ್ಮೆತ್ತು ಮಂದಿ ಎತ್ತಿನಾಗ ಕೂಡಿದ್ರ ಗುರ್ತು ಹತ್ತಬೇಕಲ್ರೀ?"

ಮಣ್ಣಿನ ಎತ್ತು ಎಲ್ಲಿಗೆ ಹೋಗಿ ಕೂಡೀತು! ನನಗೆ ತಲೆಬುಡ ತಿಳಿಯಲಿಲ್ಲ. ಬಳ್ಳಾರಿ ಪೇಟೆಯ ಕೌಲ್ ಬಜಾರಿನ ಅಂಗಡಿಯವರ ಮನೆಯಲ್ಲಿ ಬೆಳೆದವಳು ನಾನು. ಈ ಹಬ್ಬಕ್ಕೆ ಎತ್ತು ಕೊಂಡು ತಂದು ಕೈಮುಗಿದರೆ ಮುಗಿಯಿತು.

ಶನಿವಾರ ಅಮಾವಾಸ್ಯೆ. ಮಕ್ಕಳು ಶಾಲೆಯಲ್ಲೇ ಪೂಜೆ ಮಾಡಿದರು. ಎತ್ತುಗಳನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ವರ್ಗ ಸಿಕ್ಕೇಬಿಟ್ಟಿತು ಎಂಬಂತೆ ಬಳ್ಳಾರಿ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಟ್ಟೆ ಬರಿದು! ಮೇಜಿನ ಮೇಲೆ ಎರಡು ಬಣ್ಣದ ಕೋಡಿನ ಎತ್ತು ಒಂದೇ ಉಳಿದಿತ್ತು, ಅದಕ್ಕೂ ಒಂದು ಕಾಲಿಲ್ಲ. ಪಕ್ಕದಲ್ಲಿ ಒಂದಿಷ್ಟು ಜೋಳ. ಯಾರಾದರೂ ಕದ್ದರೇ? ಕದ್ದವರು ಜೋಳ ಯಾಕೆ ಇಟ್ಟು ಹೋದರು?

"ಯಾರ್ಲೇ ಇದರ ಕಾಲು ಮುರದವ್ರು?" ಎಂದು ಚೀರಿದೆ.

"ಎಲ್ಲಾರೂ ಕೂಡೇ ಮುರದೀವ್ರಿ," ಅಂದವು ಮಕ್ಕಳು, ಹೆಮ್ಮೆಯಿಂದ. "ಅಮಾಸಿ ಮರುದಿನದ ಪದ್ಧತಿ ಅಲ್ರೀ? ಕುಂಟೆತ್ತು ಹಿಡಕೊಂಡು ನಿನ್ನೆ ಮನಿ ಮನಿ ತಿರಗಿ ಜ್ವಾಳ ಬೇಡಿದ್ವಿ. ಇದು ನಿಮ್ಮ ಪಾಲು."

"ಉಳಿದ ಎತ್ತು ಎಲ್ಲಿ?"

"ಸಾಲಿ ಮಾಳಿಗಿ ಮ್ಯಾಲೆ ಇಟ್ಟೀವ್ರಿ. ಪೂಜಿ ಆದ ಮ್ಯಾಲೆ ಒಳಗ ಇಟಗೊಂಡ್ರ ಮಳಿ ಹೆಂಗ ಬರತೈತ್ರಿ?"

ರಾತ್ರಿ ಮಳೆ ಬಂದೇಬಿಟ್ಟಿತ್ತು. ಹೊರಗೆ ಓಡಿದೆ. ಸುಣ್ಣದ ಗೋಡೆಯ ಉದ್ದಕ್ಕೂ ಕೆಂಪು, ಹಳದಿ, ನೀಲಿ ಇಳಿದು ಒಂದರೊಳಗೊಂದು ಕಲಸಿಹೋಗಿತ್ತು. ನಾನು ಕಲಿಸಿದ ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ. ನನ್ನ ವರ್ಗವೂ ಅದರ ಜೊತೆಗೇ ಕರಗಿತು ಅಂದುಕೊಳ್ಳುವಷ್ಟರಲ್ಲಿ ಸಾಹೇಬರ ಜೀಪು ಬಂತು.

ಸಾಹೇಬರು ಸಿರುಗುಪ್ಪದ ಕಡೆಯ ಒಕ್ಕಲು ಮನೆತನದವರು. ಗೋಡೆ ನೋಡಿದರು, ಕುಂಟೆತ್ತನ್ನು ಕೈಗೆತ್ತಿಕೊಂಡರು, ಕೋಡು ನೋಡಿ ಗಹಗಹಿಸಿ ನಕ್ಕರು. "ಶಹಬ್ಬಾಸ್! ಸಣ್ಣವರಿದ್ದಾಗ ನಾವೂ ಹಿಂಗ ಮಾಡತಿದ್ವಿ!" ಕಾಲು ಮುರಿದಿದ್ದು ನಾನಲ್ಲ, ಮಾಳಿಗೆ ಹತ್ತಿಸಿದ್ದೂ ನಾನಲ್ಲ. ಆದರೂ ಎದೆಯೊಳಗೆ ಆಸೆ ಮತ್ತೆ ಚಿಗುರಿತು. ಇದೇ ಸಮಯವೆಂದು ಹೆಡ್‌ಮಾಸ್ತರು ನನ್ನ ವರ್ಗದ ಮಾತು ತೆಗೆದರು.

"ವರ್ಗನಾ?" ಸಾಹೇಬರು ಹೌಹಾರಿದರು. "ಊರ ಹಬ್ಬಾನ ಸಾಲಿಗೆ ತಂದ ಅಕ್ಕೋರು ಇವ್ರು. ಇಂಥವ್ರನ್ನ ಯಾರರ ಬಿಟ್ಟುಕೊಡತಾರೇನ್ರೀ? ನಾ ಇರೋತನಕ ಇವ್ರು ಕುರುಗೋಡು ಬಿಟ್ಟು ಹೋಗಂಗಿಲ್ಲ."

ಮಾಡದ ಕೆಲಸಕ್ಕೆ ಹೊಗಳಿಕೆ, ಹೊಗಳಿಕೆಯ ಬೆನ್ನಿಗೇ ಶಿಕ್ಷೆ. ನಗಬೇಕೋ ಅಳಬೇಕೋ ಗೊತ್ತಾಗದೆ, ಜೀಪು ಹೋಗುವವರೆಗೂ ಕೈಮುಗಿದು ನಿಂತಿದ್ದೆ. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಎತ್ತು ಕರಗಿದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು ಆ ಎರಡು ಬಣ್ಣದ ಕೋಡಿನ ಹುಡುಗಿ ಹತ್ತಿರ ಬಂದು ನನ್ನ ಕೈ ಹಿಡಿದಳು.

"ಅಳಬ್ಯಾಡ್ರಿ ಅಕ್ಕೋರ. ಮುಂದಿನ ವರ್ಷ ಮತ್ತ ಮಾಡೂಣು. ನೀವು ಇಲ್ಲೇ ಇರ್ತೀರಲ್ರೀ."