ಬಸ್ಸಿನಲ್ಲಿ ಬರುವವರು ಯಾರೂ ಇಲ್ಲವಂತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಏರಿಯಾದ ಪುಟ್ಟ ಡಯಾಲಿಸಿಸ್ ಘಟಕಕ್ಕೆ ಬೀಗ ಹಾಕುವ ಯೋಜನೆಯಲ್ಲಿ ನನ್ನ ಪಾಲೂ ಇದೆ. ಪೆನ್ನು ಹಿಡಿದು ಟಿಕ್ ಹಾಕಿದವನು ನಾನೇ.

ಆದದ್ದಿಷ್ಟು. ಈ ಪರದೇಶದ ನಮ್ಮ ಕನ್ನಡ ಬಳಗದ ಯುಗಾದಿ ಊಟದ ದಿನ ಆಸ್ಪತ್ರೆಯವರು ಒಂದು ಸರ್ವೆ ಫಾರಂ ಕಳಿಸಿದ್ದರು. (ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ನಾಳೆ ನನ್ನ ಅಪೆಂಡಿಕ್ಸ್ ಕೆಟ್ಟರೆ ಅಲ್ಲಿಗೇ ಹೋಗಬೇಕು.) ಹಿರಿಯರಿಗೆ ಓದಿ ಹೇಳಿ ತುಂಬಿಸಲು ವಾಲಂಟಿಯರ್ ಬೇಕಿತ್ತು. ಮೊದಲ ಪಂಕ್ತಿಯಲ್ಲೇ ಹೋಳಿಗೆ ಅಂದರು. ನನ್ನಲ್ಲಿ ತಕ್ಷಣ ಸಮಾಜಸೇವೆ ಜಾಗೃತವಾಯಿತು.

ಅದರಲ್ಲೊಂದು ಪ್ರಶ್ನೆ: ದೂರದ ಆಸ್ಪತ್ರೆಗೆ ಹೋಗಿಬರುವುದು ನಿಮಗೆ ಕಷ್ಟವೇ?

ನೀವೇ ಹೇಳಿ, ಪಕ್ಕದ ಕುರ್ಚಿಯಲ್ಲಿ ಬೀಗರು ಕೂತಿರುವಾಗ ನಮ್ಮವರು ಯಾರಾದರೂ ಇದಕ್ಕೆ ‘ಹೌದು’ ಅನ್ನುತ್ತಾರೆಯೇ? ಕಷ್ಟ ಅಂದರೆ ಮಗ ನೋಡಿಕೊಳ್ಳುತ್ತಿಲ್ಲ ಅಂತಾಯಿತು. ಸೊಸೆ ಸರಿಯಿಲ್ಲ ಅಂತಾಯಿತು. ದೀಪಾವಳಿಯವರೆಗೂ ವಾಟ್ಸಾಪಿನಲ್ಲಿ ಅದೇ ಸುದ್ದಿ.

ಮೈಸೂರಿನ ರಾಯರು ಎದೆಯುಬ್ಬಿಸಿ, “ನೋ ಪ್ರಾಬ್ಲಮ್ ಅಟ್ ಆಲ್, ಮಗ ಡ್ರಾಪ್ ಮಾಡ್ತಾನೆ” ಅಂದರು. ನನಗಷ್ಟು ಸಾಕಾಯಿತು. ರಾಯರ ದನಿಯಲ್ಲೇ “ಮಗ ಡ್ರಾಪ್ ಮಾಡ್ತಾನೆ” ಅನ್ನುತ್ತಾ ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿದೆ. ಎಲ್ಲರೂ ನಕ್ಕರು. ಎಲ್ಲರಿಗೂ ‘ಕಷ್ಟವಿಲ್ಲ’ ಅಂತ ಟಿಕ್ ಹಾಕಿದೆ.

ನೀಲವ್ವನ ಹತ್ತಿರ ಮಾತ್ರ ಪೆನ್ನು ನಿಂತಿತು. ಧಾರವಾಡದವರು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಗ ಬಸು ವೇರ್‌ಹೌಸಿನಲ್ಲಿ ಶಿಫ್ಟು ಮಾಡುತ್ತಾನೆ. ಈಕೆ ಯಂಗ್ ಸ್ಟ್ರೀಟಿನ ಸ್ಟಾಪಿನಲ್ಲಿ ಕಂಬಕ್ಕೆ ಒರಗಿ ಬಸ್ಸು ಕಾಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

“ಏನಂತ ಬರೀಲಿ ಆಂಟಿ?”

“ಬಸು ಬಿಡತಾನ ಅಂತ ಬರಿ ತಮ್ಮಾ. ಎಲ್ಲಾರೂ ನೋಡಾಕತ್ತಾರ.”

ಬರೆದೆ. ಹೋಳಿಗೆ ಚೆನ್ನಾಗಿತ್ತು.

ಕಳೆದ ಶನಿವಾರ ಲೈಬ್ರರಿಯ ಹಾಲಿನಲ್ಲಿ ಸಭೆ. ಆಸ್ಪತ್ರೆಯ ಮ್ಯಾನೇಜರ್ ಮೇಡಂ ಒಂದು ಸ್ಲೈಡು ಹಾಕಿದರು: ‘ಈ ಸಮುದಾಯಕ್ಕೆ ಪ್ರಯಾಣ ಸಮಸ್ಯೆಯೇ ಅಲ್ಲ’. ಆದ್ದರಿಂದ ನಮ್ಮ ಘಟಕವನ್ನು ಮುಚ್ಚುತ್ತಾರೆಯೇ? ಛೆ ಛೆ, ಎಲ್ಲಾದರೂ ಉಂಟೇ? ‘ಕನ್ಸಾಲಿಡೇಟ್’ ಮಾಡುತ್ತಾರೆ. ಅಂದರೆ, ಎರಡು ಬಸ್ಸು ಹತ್ತಿ ಇಳಿದರೆ ಸಿಗುವ ದೊಡ್ಡ ಆಸ್ಪತ್ರೆಯೊಳಕ್ಕೆ ಸೇರಿಸುತ್ತಾರೆ.

ಬಜೆಟ್ಟು ಸಾಲದು, ಒಪ್ಪಿದೆ. ಔಷಧಿಯ ಬೆಲೆ ಓಡುತ್ತದೆ, ಸರ್ಕಾರದ ಅನುದಾನ ಕುಂಟುತ್ತದೆ. ಆದರೆ ಕತ್ತರಿ ಯಾಕೆ ಸದಾ ಕೂಗಲಾರದವರನ್ನೇ ಹುಡುಕಿಕೊಂಡು ಬರುತ್ತದೆ? ಅದೇ ದೊಡ್ಡ ಆಸ್ಪತ್ರೆಯ ಲಾಬಿಗೆ ಗಾಜಿನ ಛಾವಣಿ ಏಳುತ್ತಿದೆ. ಕೇಳಿದರೆ, ಕಟ್ಟುವ ದುಡ್ಡು ಬೇರೆ, ನಡೆಸುವ ದುಡ್ಡು ಬೇರೆ ಅನ್ನುತ್ತಾರೆ. ಅಲ್ಲ ತಾಯಿ, ರೋಗಿ ಒಬ್ಬಳೇ ತಾನೇ? (ನಾವೇನು ಕಡಿಮೆಯೇ? ಆಸ್ಪತ್ರೆಗೆ ದಾನ ಕೊಡುವ ಮೊದಲು ಗೋಡೆ ಮೇಲೆ ಹೆಸರು ಹಾಕ್ತೀರಾ ಅಂತ ಕೇಳುವವರು. ನರ್ಸಿನ ಶಿಫ್ಟಿನ ಮೇಲೆ ಹೆಸರು ಕೆತ್ತಲು ಆಗುವುದಿಲ್ಲವಲ್ಲ!)

ನಾನು ಹಿಂದಿನ ಸಾಲಿನಲ್ಲಿ ಮೇಡಂ ದನಿಯಲ್ಲಿ “ಕನ್ಸಾಲಿಡೇಟ್” ಅನ್ನುತ್ತಾ ನಾಲ್ಕು ಜನರನ್ನು ನಗಿಸುತ್ತಿದ್ದೆ. ನನ್ನ ಪೌರುಷ ಅಷ್ಟೇ. ಆಗ ಮುಂದಿನ ಸಾಲಿನಲ್ಲಿ ನೀಲವ್ವ ಎದ್ದು ನಿಂತರು. ಪಕ್ಕದಲ್ಲಿದ್ದ ಬಸು ಸೆರಗು ಜಗ್ಗಿದ. “ಯವ್ವಾ, ಕುಂದರ.”

ಕೂರಲಿಲ್ಲ. ನನ್ನತ್ತ ತಿರುಗಿ, “ಇಂಗ್ಲಿಷಿನ್ಯಾಗ ಹೇಳೋ ತಮ್ಮಾ. ಅಣಕ ಮಾಡಬ್ಯಾಡ” ಅಂದರು.

ಎದ್ದು ಹೋಗಿ ಪಕ್ಕ ನಿಂತೆ.

“ನನ್ನ ಮಗ ಬಿಡೂದಿಲ್ರಿ. ಅವಂಗ ಶಿಫ್ಟ್ ಇರ್ತೈತಿ. ನಾ ಬಸ್ಸಿನ್ಯಾಗ ಬರ್ತೀನಿ. ಮಷೀನಿನಿಂದ ಎದ್ದ ಮ್ಯಾಲೆ ನಿಂದ್ರಾಕ ಆಗೂದಿಲ್ಲ. ಒಂದ ಬಸ್ ಅಂತ ಹೆಂಗೋ ಮನಿ ಮುಟ್ಟತೀನಿ. ಎರಡ ಬಸ್ ಅಂದ್ರ ಬರೂದ ಬಿಟ್ಟಬಿಡ್ತೀನಿ.”

ಡಯಾಲಿಸಿಸ್ ಬಿಡುವುದೆಂದರೆ ಏನೆಂದು ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನದೇ ದನಿಯಲ್ಲಿ ಇಂಗ್ಲಿಷಿಗೆ ತಂದೆ. ಬಹಳ ದಿನಗಳ ನಂತರ ಆ ದನಿ ಕೇಳಿದ್ದು. ಬಸು ನೆಲ ನೋಡುತ್ತಿದ್ದ. ರಾಯರೂ.

ಮೇಡಂ ಮುಗುಳ್ನಕ್ಕು ಫಾರಂ ತೋರಿಸಿದರು. ಮಗ ಬಿಡುತ್ತಾನೆಂದು ನೀವೇ ಬರೆಸಿದ್ದೀರಿ, ಈ ಬದಲಾವಣೆಯಿಂದ ಯಾರಿಗೂ ತೊಂದರೆಯಿಲ್ಲ ಎಂದು ನಮ್ಮ ವರದಿ ಹೇಳುತ್ತದೆ ಅಂದರು. ನಾನು ಕನ್ನಡದಲ್ಲಿ ಹೇಳಿದೆ. ನೀಲವ್ವ ತಲೆಯಾಡಿಸಿದರು. ಮೇಡಂ ತೀರ್ಮಾನ ಮುಂದೂಡಿ ಲ್ಯಾಪ್‌ಟಾಪ್ ಮುಚ್ಚುವಂತೆ ಮಾಡಿದ ನೀಲವ್ವನ ಉತ್ತರ ಇಷ್ಟೇ:

“ಹೌದ್ರಿ, ಮಗನ ಮರ್ಯಾದಿ ಸಲುವಾಗಿ ಸುಳ್ಳ ಬರಸಿದ್ದೆ, ಈಗ ಎಲ್ಲಾರ ಮುಂದ ಒಪ್ಪಿಕೊಂಡೆ. ಇನ್ನ ನಿಮ್ಮ ಪಾಳಿ.”